ಒಂದೇ ಯಂತ್ರ, ಎರಡು ಬಣ್ಣದ ಶಾಯಿ: ಮಂಡಿಪೇಟೆಯ ಒಂದು ನೀಲಿ ಪರದೆ ಪ್ರಕರಣ

ಏಪ್ರಿಲ್ ಮೊದಲ ವಾರ. ದಾವಣಗೆರೆಯ ಬಿಸಿಲು ಬೆಳಿಗ್ಗೆ ಹತ್ತಕ್ಕೇ ಅಂಗಡಿಯ ಹೊಸ್ತಿಲು ದಾಟಿ ಒಳಗೆ ಬರುವ ಕಾಲ. ಮಂಡಿಪೇಟೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಅಕ್ಕ ಆಟೊದಿಂದ ಸಿಪಿಯು ಇಳಿಸಿಕೊಂಡು ಬಂದು ನನ್ನ ಮೇಜಿನ ಮೇಲೆ ಇಟ್ಟರು. ಇಟ್ಟ ಸದ್ದಿನಲ್ಲೇ ಸಿಟ್ಟು ಗೊತ್ತಾಯಿತು.

"ಅಣ್ಣಾ, ಇದು ದಿನಕ್ಕೆ ಎರಡು ಮೂರು ಸಲ ನೀಲಿಯಾಗುತ್ತದೆ. ಎರಡು ಸಲ ಫಾರ್ಮ್ಯಾಟ್ ಆಯಿತು. ಎಸ್‌ಎಂಪಿಎಸ್ ಹೊಸದು ಹಾಕಿಸಿದೆ. ಆ್ಯಂಟಿವೈರಸ್ ಬದಲಾಯಿಸಿದೆ. ಇನ್ನು ಬದಲಾಯಿಸಲು ಉಳಿದಿರುವುದು ನಾನೊಬ್ಬಳೇ" ಎಂದರು. ಎಸ್‌ಎಂಪಿಎಸ್ ಎಂದರೆ ಗೋಡೆಯ ಕರೆಂಟನ್ನು ಯಂತ್ರಕ್ಕೆ ಬೇಕಾದಂತೆ ಇಳಿಸಿ ಕೊಡುವ ಪೆಟ್ಟಿಗೆ.

ಕಂಪ್ಯೂಟರ್ ರಿಪೇರಿಯ ಕಸುಬಿನಲ್ಲಿ ನನಗೆ ಇಪ್ಪತ್ತು ವರ್ಷ ದಾಟಿದೆ. ವಿಂಡೋಸ್ ಎಡವಿ ನಿಲ್ಲುವಾಗ ಪರದೆ ತುಂಬ ನೀಲಿ ಬಂದು ದೋಷದ ಬರಹ ತೋರಿಸುವುದನ್ನೇ ನಾವು ನೀಲಿ ಪರದೆ ಎನ್ನುವುದು. ಅಂಥ ಯಂತ್ರಗಳು ಬಂದರೆ ನನಗೆ ಒಳಗೊಳಗೆ ಖುಷಿಯೇ. ಏನೂ ಹೇಳದೆ ಸತ್ತುಬಿದ್ದ ಯಂತ್ರಕ್ಕಿಂತ ಏನಾದರೊಂದು ಹೇಳಿ ಬೀಳುವ ಯಂತ್ರ ವಾಸಿ. ಆದರೆ ಈ ಪ್ರಕರಣದಲ್ಲಿ ಯಂತ್ರ ಹೇಳಿದ್ದನ್ನು ನಾನು ಮೊದಲ ಸಲ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅದನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ.

ಯಂತ್ರದ ಜಾತಕ ಹೀಗಿತ್ತು: 2019ರಲ್ಲಿ ಅಸೆಂಬಲ್ ಮಾಡಿಸಿದ್ದು. ಇಂಟೆಲ್ ಒಂಬತ್ತನೇ ಪೀಳಿಗೆಯ ಐ5, 240 ಜಿಬಿ ಎಸ್‌ಎಸ್‌ಡಿ, ಹಳೆಯ ಕಡತಗಳಿಗೆ 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಮೊದಲು ಕೆಲಸದ ಹೊತ್ತಿನ ಮೆಮೊರಿಯಾಗಿ 8 ಜಿಬಿ ರ‍್ಯಾಮ್ ಇತ್ತು. ಫ್ಲೆಕ್ಸ್ ವಿನ್ಯಾಸದ ಕೆಲಸ ಹೆಚ್ಚಾದ ಮೇಲೆ, ಎರಡು ವರ್ಷದ ಹಿಂದೆ, ಇನ್ನೊಂದು 8 ಜಿಬಿ ಪಟ್ಟಿ ಸೇರಿಸಿದ್ದರು. ಕೆಲಸವೆಲ್ಲ ಕನ್ನಡ ಟೈಪಿಂಗಿನ ನುಡಿ, ವಿನ್ಯಾಸದ ಕೋರೆಲ್ ಡ್ರಾ ಮತ್ತು ಫೋಟೋಶಾಪ್ ತಂತ್ರಾಂಶಗಳಲ್ಲಿ. ಯುಗಾದಿ ಕಳೆದ ಮೇಲೆ ಬಹುಪಾಲು ಲಗ್ನಪತ್ರಿಕೆ. ಅಕ್ಷಯ ತೃತೀಯ ಎದುರಿಗಿತ್ತು. ಹುಡುಗನ ಕಡೆಯವರ ಪಟ್ಟಿಯಲ್ಲಿ ಸೋದರಮಾವನ ಹೆಸರು ಬಿಟ್ಟುಹೋದರೆ ಜಗಳವಾಗುವ ಊರಿನಲ್ಲಿ, ಮೂರನೇ ತಿದ್ದುಪಡಿ ಮಾಡಿ ಉಳಿಸುವ ಹೊತ್ತಿಗೆ ಪರದೆ ನೀಲಿಯಾದರೆ ಆ ಅಕ್ಕನ ಪಾಡು ಏನಾಗಿರಬೇಡ.

ಕ್ಯಾಬಿನೆಟ್ ಬಿಚ್ಚಿದೆ. ದಾವಣಗೆರೆಯ ಯಂತ್ರಗಳ ಹೊಟ್ಟೆಯೊಳಗಿನ ದೂಳು ನೋಡಿದರೆ ಅದು ಯಾವ ಬೀದಿಯಿಂದ ಬಂದಿದೆ ಎಂದು ಹೇಳಬಹುದು. ಮಂಡಕ್ಕಿ ಭಟ್ಟಿಯ ಕಡೆಯದಾದರೆ ಹೊಟ್ಟಿನ ಹೊಗೆಯ ಕರಿ, ಬೆರಳಿಗೆ ಎಣ್ಣೆಯಂತೆ ಅಂಟುತ್ತದೆ. ಎಪಿಎಂಸಿ ಕಡೆಯದಾದರೆ ಮೆಕ್ಕೆಜೋಳದ ಹಳದಿ ಹುಡಿ, ಅದರಲ್ಲಿ ಒಂದೆರಡು ಹುಳ. ಇದರೊಳಗೆ ಇದ್ದದ್ದು ಕಾಗದದ ಬಿಳಿ ನವಿರು ಮತ್ತು ಟೋನರ್‌ನ ಕಪ್ಪು ಸೇರಿದ ಬೂದಿ ಬಣ್ಣದ ಹತ್ತಿ. ಬ್ಲೋವರ್ ಹಿಡಿದೆ. ಪ್ರೊಸೆಸರ್‌ನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣವಾಗಿತ್ತು, ಹೊಸದು ಹಚ್ಚಿದೆ. ರ‍್ಯಾಮ್ ಪಟ್ಟಿಗಳ ಚಿನ್ನದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಎರಡು ದಿನ ಅಂಗಡಿಯಲ್ಲಿ ಚಾಲೂ ಇಟ್ಟೆ. ಒಮ್ಮೆಯೂ ಬೀಳಲಿಲ್ಲ. "ದೂಳಿನದೇ ಕಾಟ" ಎಂದು ಹೇಳಿ ಕಳಿಸಿಕೊಟ್ಟೆ.

ಮಾರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಬಂತು.

ನನ್ನ ತಪ್ಪು ಎಲ್ಲಿತ್ತು ಎಂದು ಈಗ ಸ್ಪಷ್ಟವಾಗಿ ಹೇಳಬಲ್ಲೆ. ಎರಡು ದಿನ ಯಂತ್ರ ನನ್ನ ಮೇಜಿನ ಮೇಲೆ ಸುಮ್ಮನೆ ಕುಳಿತಿತ್ತು, ಕೆಲಸ ಮಾಡಲಿಲ್ಲ. 16 ಜಿಬಿಯಲ್ಲಿ 3 ಜಿಬಿ ಕೂಡ ಬಳಕೆಯಾಗಿರಲಿಲ್ಲ. ಇನ್ನೊಂದು, ಗಿರಾಕಿಗಳು ನಮ್ಮಲ್ಲಿಗೆ ಸಿಪಿಯು ಒಂದನ್ನೇ ಹೊತ್ತು ತರುತ್ತಾರೆ. ಯುಪಿಎಸ್, ವೈರು, ಪ್ಲಗ್ ಪಾಯಿಂಟ್, ಪಕ್ಕದ ಯಂತ್ರಗಳು ಎಲ್ಲವೂ ಅವರ ಅಂಗಡಿಯಲ್ಲೇ ಉಳಿಯುತ್ತವೆ. ರೋಗಿಯನ್ನು ಕರೆತಂದು ಮನೆಯನ್ನು ಅಲ್ಲೇ ಬಿಟ್ಟಂತೆ.

ಈ ಸಲ ನಾನೇ ಹೋದೆ. ಹತ್ತಕ್ಕೆ ಹನ್ನೆರಡು ಅಡಿಯ ಅಂಗಡಿ. ಒಂದು ಬದಿಗೆ ಜೆರಾಕ್ಸ್ ಯಂತ್ರ, ಇನ್ನೊಂದು ಬದಿಯ ಮೇಜಿನ ಮೇಲೆ ಕಂಪ್ಯೂಟರ್, ಲೇಸರ್ ಪ್ರಿಂಟರ್, ಆಧಾರ್ ಕಾರ್ಡು ಲ್ಯಾಮಿನೇಷನ್ ಮಾಡುವ ಯಂತ್ರ. ಮೇಜಿನ ಕೆಳಗೆ ಯುಪಿಎಸ್. ಅಕ್ಕನ ಜೊತೆ ಕೆಲಸಕ್ಕೆ ಒಬ್ಬ ಹುಡುಗಿ ಇದ್ದಳು; ಬೆಳಿಗ್ಗೆ ಕಾಲೇಜು ಇಲ್ಲದ ದಿನ ಅಂಗಡಿ ತೆಗೆಯುವುದೂ ಅವಳೇ.

ಮೊದಲು ಯಂತ್ರದೊಳಗಿನ ದಾಖಲೆ ನೋಡಲು ಕುಳಿತೆ. ವಿಂಡೋಸ್ ನೀಲಿಯಾಗಿ ಬೀಳುವಾಗ ಒಂದು ಚಿಕ್ಕ ಮರಣೋತ್ತರ ವರದಿಯನ್ನು, ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ ಮಿನಿಡಂಪ್ ಎಂಬ ಜಾಗದಲ್ಲಿ, ಬರೆದಿಡುತ್ತದೆ. ಅಲ್ಲಿ ಒಂದೂ ಇರಲಿಲ್ಲ. ಎರಡು ಫಾರ್ಮ್ಯಾಟ್‌ನಲ್ಲಿ ಹಳೆಯವೆಲ್ಲ ಅಳಿಸಿಹೋಗಿದ್ದವು, ಸರಿ. ಫಾರ್ಮ್ಯಾಟ್ ಆದ ಮೇಲೂ ಬಿದ್ದಿದೆಯಲ್ಲ, ಅದರ ವರದಿ ಎಲ್ಲಿ? ಹುಡುಕಿದಾಗ ಗೊತ್ತಾಯಿತು: ಯಂತ್ರ ಚುರುಕಾಗಲಿ, ಎಸ್‌ಎಸ್‌ಡಿ ಸವೆಯದಿರಲಿ ಎಂದು ಯಾರೋ ಪೇಜ್ ಫೈಲನ್ನು, ಅಂದರೆ ಮೆಮೊರಿ ಸಾಲದಾದಾಗ ಬಳಸಲು ವಿಂಡೋಸ್ ಡಿಸ್ಕಿನಲ್ಲಿ ಇಟ್ಟುಕೊಳ್ಳುವ ಕಡತವನ್ನು, ಪೂರ್ತಿ ತೆಗೆದುಹಾಕಿದ್ದರು. ಬೀಳುವ ಕ್ಷಣದಲ್ಲಿ ವಿಂಡೋಸ್ ಆ ವರದಿಯನ್ನು ಮೊದಲು ಬರೆಯುವುದೇ ಪೇಜ್ ಫೈಲಿನೊಳಗೆ. ಮತ್ತೆ ಚಾಲೂ ಆದಾಗ ಅಲ್ಲಿಂದ ತೆಗೆದು ಫೋಲ್ಡರಿಗೆ ಹಾಕುತ್ತದೆ. ಪೇಜ್ ಫೈಲ್ ಇಲ್ಲವೆಂದರೆ ವರದಿಯೂ ಇಲ್ಲ.

ನಮ್ಮಲ್ಲಿ ಫಾರ್ಮ್ಯಾಟ್ ಎನ್ನುವುದು ಜ್ವರಕ್ಕೆ ಕೊಡುವ ಮಾತ್ರೆಯಂತಾಗಿದೆ. ಏನು ಬಂದರೂ ಅದೇ. ಅರ್ಧ ದಿನದಲ್ಲಿ ಮುಗಿಯುತ್ತದೆ, ಗಿರಾಕಿಗೆ ಯಂತ್ರ ಹೊಸದಾದಂತೆ ಕಾಣುತ್ತದೆ. ನನಗೆ ಇದರ ಮೇಲೆ ಹಳೆಯ ಸಿಟ್ಟು ಇದೆ. ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮುನ್ನ ಗುಡಿಸಿ ಸಾರಿಸಿಟ್ಟ ಹಾಗೆ.

ಪೇಜ್ ಫೈಲ್ ಮತ್ತೆ ಇಟ್ಟೆ. ನೀಲಿಯಾದ ಕೂಡಲೇ ತಾನಾಗಿ ರೀಸ್ಟಾರ್ಟ್ ಆಗುವ ಆಯ್ಕೆಯನ್ನು ತೆಗೆದೆ, ಪರದೆಯ ಮೇಲಿನ ಬರಹವನ್ನು ನಿಧಾನವಾಗಿ ಓದಲು ಸಿಗಲಿ ಎಂದು. ಬಳಿಕ ಆ ಹುಡುಗಿಗೆ ಹೇಳಿದೆ: "ಒಂದು ವಾರ, ಪ್ರತಿ ಸಲ ಬಿದ್ದಾಗ ಹೊತ್ತು ಎಷ್ಟು ಎಂದು ಬರೆದಿಡಮ್ಮಾ."

ಎಂಟು ದಿನ ಬಿಟ್ಟು ಹೋದೆ. ಅವಳು ಆರ್ಡರ್ ಪುಸ್ತಕದ ಕೊನೆಯ ಹಾಳೆಗಳನ್ನು ತೆರೆದು ನನ್ನ ಮುಂದಿಟ್ಟಳು. ಇಪ್ಪತ್ತೊಂದು ಸಾಲು. ಕೆಲವು ನೀಲಿ ಶಾಯಿಯಲ್ಲಿ, ಕೆಲವು ಕಪ್ಪು ಶಾಯಿಯಲ್ಲಿ.

"ಇದೇನಮ್ಮಾ, ಒಂದು ಪೆನ್ನು ಮುಗಿಯಿತೇ?"

"ಇಲ್ಲ ಸರ್. ನೀಲಿ ಬಂದು ನಿಂತಿದ್ದನ್ನು ನೀಲಿಯಲ್ಲಿ ಬರೆದಿದ್ದೇನೆ. ನೀಲಿ ಬರದೆ ಹಾಗೇ ಆರಿಹೋಗಿ ಮತ್ತೆ ಹತ್ತಿಕೊಂಡಿದ್ದನ್ನು ಕಪ್ಪಿನಲ್ಲಿ ಬರೆದಿದ್ದೇನೆ."

ನಾನು ಕೇಳಿದ್ದು ಹೊತ್ತನ್ನು ಮಾತ್ರ. ಬಣ್ಣದ ಯೋಚನೆ ಅವಳದು. ಈ ಪ್ರಕರಣ ಬಿಡಿಸಿಕೊಂಡಿದ್ದು ಆ ಮೇಜಿನ ಮುಂದೆ, ಆ ಕ್ಷಣದಲ್ಲಿ. ಅಕ್ಕ, ಹಿಂದಿನ ಮೆಕ್ಯಾನಿಕ್ ಮತ್ತು ನಾನು ಮೂವರೂ "ನೀಲಿಯಾಗುತ್ತದೆ" ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಿದ್ದು ಎರಡು ಬೇರೆ ಬೇರೆ ರೋಗಗಳನ್ನು.

ಅವಳ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ವಿಂಡೋಸ್‌ನ ಇವೆಂಟ್ ವ್ಯೂವರ್ ಎಂಬ ದಿನಚರಿ ತೆರೆದೆ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತು ಮತ್ತೆ ಚಾಲೂ ಆದಾಗಲೆಲ್ಲ ಅಲ್ಲಿ ಕರ್ನಲ್ ಪವರ್ ಎಂಬ ಹೆಸರಿನಲ್ಲಿ 41ನೇ ಸಂಖ್ಯೆಯ ನಮೂದು ಬೀಳುತ್ತದೆ. ಬಹಳ ಜನ ಆ 41 ನೋಡಿದ ಕೂಡಲೇ "ಪವರ್ ಎಂದಿದೆ, ಎಸ್‌ಎಂಪಿಎಸ್ ಹೋಗಿದೆ" ಎಂದು ತೀರ್ಮಾನಿಸುತ್ತಾರೆ. ಅಕ್ಕನಿಗೆ ಹೊಸ ಎಸ್‌ಎಂಪಿಎಸ್ ಬಂದದ್ದು ಹೀಗೆಯೇ ಇರಬೇಕು. ಆದರೆ 41 ಹೇಳುವುದು ಇಷ್ಟೇ: ಹೇಳದೆ ಕೇಳದೆ ನಿಂತಿತ್ತು. ಏಕೆ ನಿಂತಿತು ಎಂಬುದಕ್ಕೆ ಅದೇ ನಮೂದಿನ ವಿವರದ ಪುಟದಲ್ಲಿ ಬಗ್‌ಚೆಕ್ ಕೋಡ್ ಎಂಬ ಇನ್ನೊಂದು ಸಾಲು ಇದೆ. ಅಲ್ಲಿ ಸೊನ್ನೆ ಇದ್ದರೆ ವಿಂಡೋಸ್‌ಗೆ ಬಾಯಿ ತೆರೆಯಲೂ ಸಮಯ ಸಿಗಲಿಲ್ಲ ಎಂದು ಅರ್ಥ. ಹೆಚ್ಚಾಗಿ ಕರೆಂಟ್ ಕಡಿದಿರುತ್ತದೆ, ಇಲ್ಲವೇ ಯಂತ್ರ ಕಲ್ಲಾಗಿ ನಿಂತಿರುತ್ತದೆ. ಬೇರೆ ಅಂಕಿ ಇದ್ದರೆ ವಿಂಡೋಸ್ ತಪ್ಪನ್ನು ಕಂಡು, ತಾನೇ ನಿಲ್ಲಿಸಿ, ನೀಲಿ ಪರದೆ ತೋರಿಸಿದೆ ಎಂದು ಅರ್ಥ.

ಎಂಟು ದಿನದಲ್ಲಿ 21 ನಮೂದು. ಸೊನ್ನೆ ಇದ್ದವು 12. ಪುಸ್ತಕದಲ್ಲಿ ಕಪ್ಪು ಶಾಯಿಯ ಸಾಲುಗಳೂ 12. ಉಳಿದ 9ರಲ್ಲಿ ಅಂಕಿಗಳಿದ್ದವು: 26 ನಾಲ್ಕು ಸಲ, 10 ಎರಡು ಸಲ, 80 ಎರಡು ಸಲ, 59 ಒಂದು ಸಲ. ನೀಲಿ ಶಾಯಿಯ ಸಾಲು 9. ಹೊತ್ತುಗಳೂ ಒಂದೆರಡು ನಿಮಿಷದ ವ್ಯತ್ಯಾಸದಲ್ಲಿ ಹೊಂದಿದವು. ಹುಡುಗಿಯ ಕೈಗಡಿಯಾರ ಎರಡು ನಿಮಿಷ ಮುಂದಿತ್ತು.

ಮೊದಲು ನೀಲಿಯ ಕಥೆ.

ಆ ಅಂಕಿಗಳಲ್ಲಿ 26 ಎಂದರೆ ಮೆಮೊರಿ ಮ್ಯಾನೇಜ್‌ಮೆಂಟ್, 80 ಎಂದರೆ ಪೇಜ್ ಫಾಲ್ಟ್ (ಮೆಮೊರಿಯಲ್ಲಿ ಇರಬೇಕಾದದ್ದು ಸಿಗಲಿಲ್ಲ), 10 ಎಂದರೆ ಯಾವುದೋ ಡ್ರೈವರ್ (ಯಂತ್ರದ ಒಂದೊಂದು ಭಾಗವನ್ನು ನಡೆಸುವ ತಂತ್ರಾಂಶ) ತನ್ನದಲ್ಲದ ಜಾಗವನ್ನು ಮುಟ್ಟಿದೆ ಎಂಬ ದೂರು. 59 ಕೂಡ ಅದೇ ಕುಲದ್ದು. ಈಗ ಮಿನಿಡಂಪ್‌ಗಳೂ ಇದ್ದವು. ಒಂದೊಂದಾಗಿ ತೆರೆದು ನೋಡಿದೆ. ಒಂದರಲ್ಲಿ ಗ್ರಾಫಿಕ್ಸ್ ಡ್ರೈವರಿನ ಹೆಸರು ಆರೋಪಿಯ ಜಾಗದಲ್ಲಿತ್ತು. ಇನ್ನೊಂದರಲ್ಲಿ ನೆಟ್‌ವರ್ಕ್ ಡ್ರೈವರ್. ಮತ್ತೊಂದರಲ್ಲಿ ಆ್ಯಂಟಿವೈರಸ್. ಮೂರರಲ್ಲಿ ವಿಂಡೋಸ್‌ನ ತಿರುಳಾದ ಕರ್ನಲ್ಲೇ. ಒಂದರಲ್ಲಿ ಹಾರ್ಡ್ ಡಿಸ್ಕಿನ ಕಡತ ವ್ಯವಸ್ಥೆ.

ಹೀಗೆ ಪ್ರತಿ ಸಲವೂ ಬೇರೆ ಹೆಸರು ಬರುವುದನ್ನು ಕಂಡು ಹೊಸಬರು ದಿಕ್ಕು ತಪ್ಪುತ್ತಾರೆ. ಇವತ್ತು ಗ್ರಾಫಿಕ್ಸ್ ಡ್ರೈವರ್ ಬದಲಾಯಿಸುತ್ತಾರೆ, ನಾಳೆ ಆ್ಯಂಟಿವೈರಸ್ ಕೀಳುತ್ತಾರೆ. ಹಳೆಯ ಮನೆಯ ಅಟ್ಟದ ಏಣಿಯಲ್ಲಿ ಒಂದು ಮೆಟ್ಟಿಲು ಟೊಳ್ಳಾಗಿದೆ ಎಂದುಕೊಳ್ಳಿ. ಸೋಮವಾರ ಅಜ್ಜ ಬೀಳುತ್ತಾನೆ, ಬುಧವಾರ ಮೊಮ್ಮಗಳು, ಶುಕ್ರವಾರ ನೆಂಟರು. ಬಿದ್ದವರ ಹೆಸರಿನ ಪಟ್ಟಿ ಮಾಡಿ ಏನು ಪ್ರಯೋಜನ? ರ‍್ಯಾಮ್‌ನಲ್ಲಿ ಒಂದು ಜಾಗ ಕೆಟ್ಟಿದ್ದರೆ ಆ ಹೊತ್ತಿಗೆ ಅಲ್ಲಿ ಯಾರು ಕಾಲಿಟ್ಟರೋ ಅವರ ಹೆಸರು ವರದಿಯಲ್ಲಿ ಬರುತ್ತದೆ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ 2024ರ ಜುಲೈ 19ರಂದು ಲೋಕಕ್ಕೆಲ್ಲ ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿಯಾದವು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಅಲ್ಲಿ ಯಂತ್ರ ಬೇರೆ ಬೇರೆ, ಬೀಳಿಸಿದ ಡ್ರೈವರ್ ಒಂದೇ. ಇಲ್ಲಿ ಯಂತ್ರ ಒಂದೇ, ಹೆಸರು ಹತ್ತು. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ನಾನು ತಂತ್ರಾಂಶದ ಕಡೆ ನೋಡುತ್ತೇನೆ. ಹೆಸರು ಬದಲಾಗುತ್ತಲೇ ಇದ್ದರೆ ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳುತ್ತೇನೆ. ಅಪವಾದಗಳಿವೆ. ಒಂದು ಕೆಟ್ಟ ಡ್ರೈವರ್ ಬೇರೆಯವರ ಮೆಮೊರಿಯನ್ನು ಗೀಚಿ ಅವರನ್ನು ಬೀಳಿಸುವುದೂ ಉಂಟು. ಆದರೆ ಇದು ಎರಡೆರಡು ಸಲ ಹೊಸದಾಗಿ ವಿಂಡೋಸ್ ಹಾಕಿದ ಯಂತ್ರ.

ಪುಸ್ತಕದ ನೀಲಿ ಸಾಲುಗಳು ಇನ್ನೊಂದು ಸುಳಿವನ್ನೂ ಕೊಟ್ಟವು. ಹುಡುಗಿ ಪಕ್ಕದಲ್ಲಿ ಏನು ಕೆಲಸ ನಡೆದಿತ್ತು ಎಂದೂ ಬರೆದಿದ್ದಳು: "2.50, ಫ್ಲೆಕ್ಸ್ ಫೈಲ್ ತೆರೆದಾಗ." "3.35, ಫ್ಲೆಕ್ಸ್, ಜೊತೆಗೆ ಕೋರೆಲ್." "4.10, ಆಲ್ಬಂ." ಒಂಬತ್ತರಲ್ಲಿ ಏಳು ಮಧ್ಯಾಹ್ನ ಎರಡರ ನಂತರದವು. ಮೆಮೊರಿ ತುಂಬುವ ಕೆಲಸ, ಅಂಗಡಿ ಕಾದ ಹೊತ್ತು.

ಅಕ್ಕನ ಕೆಲಸಕ್ಕೆ ನನ್ನ ಒಂದು ಯಂತ್ರ ಕೊಟ್ಟು, ಅವರದನ್ನು ಹೊತ್ತುಕೊಂಡು ಬಂದೆ. ಹಿಂದಿನವರು ವಿಂಡೋಸ್‌ನೊಂದಿಗೇ ಬರುವ ಮೆಮೊರಿ ಪರೀಕ್ಷೆ ಮಾಡಿ "ದೋಷವಿಲ್ಲ" ಎಂಬ ಉತ್ತರ ಪಡೆದಿದ್ದರಂತೆ. ಆ ಪರೀಕ್ಷೆ ದೋಷ ತೋರಿಸಿದರೆ ನಂಬುತ್ತೇನೆ, ತೋರಿಸದಿದ್ದರೆ ನಂಬುವುದಿಲ್ಲ. ಪೆನ್ ಡ್ರೈವಿಗೆ ಮೆಮ್‌ಟೆಸ್ಟ್86+ ಹಾಕಿ, ಅದರಿಂದಲೇ ಯಂತ್ರ ಚಾಲೂ ಮಾಡಿ, ರಾತ್ರಿ ಒಂಬತ್ತಕ್ಕೆ ಶಟರ್ ಎಳೆದುಕೊಂಡು ಮನೆಗೆ ಹೋದೆ. ಇದು ವಿಂಡೋಸ್‌ನ ಹಂಗಿಲ್ಲದೆ ಓಡುವ ತಂತ್ರಾಂಶ. ಪ್ರತಿ ಜಾಗದಲ್ಲೂ ಒಂದು ಅಂಕಿ ಬರೆಯುತ್ತದೆ, ಮತ್ತೆ ಓದುತ್ತದೆ, ಬರೆದದ್ದೇ ಬಂತೇ ಎಂದು ನೋಡುತ್ತದೆ, ಬೇರೆ ಬೇರೆ ವಿನ್ಯಾಸದ ಅಂಕಿಗಳಲ್ಲಿ ಇದನ್ನೇ ಮಾಡುತ್ತಾ ಹೋಗುತ್ತದೆ.

ಬೆಳಿಗ್ಗೆ ಶಟರ್ ಎತ್ತಿದಾಗ ಪರದೆಯ ಕೆಳಗಡೆ ಕೆಂಪು ಸಾಲುಗಳು. ಮೊದಲ ಎರಡು ಸುತ್ತು ಸ್ವಚ್ಛ. ಮೂರನೇ ಸುತ್ತಿನಲ್ಲಿ ಹನ್ನೊಂದು ದೋಷ. ಕುರ್ಚಿ ಎಳೆದುಕೊಂಡು ಒಂದೊಂದೇ ಸಾಲು ಓದಿದೆ. ಎಲ್ಲವೂ ಹದಿಮೂರನೇ ಜಿಬಿಯ ಸುತ್ತಮುತ್ತಲಿನ ವಿಳಾಸಗಳು. ಪ್ರತಿ ಸಾಲಿನಲ್ಲೂ ಬರೆದದ್ದು ಏನು, ಓದಿದಾಗ ಸಿಕ್ಕಿದ್ದು ಏನು ಎಂದು ಎರಡು ಅಂಕಿಗಳು ಅಕ್ಕಪಕ್ಕ ಇರುತ್ತವೆ. ಉದ್ದದ ಆ ಎರಡು ಅಂಕಿಗಳಲ್ಲಿ ಒಂದೇ ಒಂದು ಅಕ್ಷರ ಬೇರೆ. ಹನ್ನೊಂದು ಸಾಲಿನಲ್ಲೂ ಅದೇ ಸ್ಥಾನದ ಅಕ್ಷರ. 16 ಜಿಬಿಯಲ್ಲಿ ಒಂದು ಇಲ್ಲವೇ ಸೊನ್ನೆಯನ್ನು ಹಿಡಿದಿಡುವ ಹದಿಮೂರು ಸಾವಿರ ಕೋಟಿಗೂ ಹೆಚ್ಚು ಬಿಟ್‌ಗಳಿವೆ. ಅದರಲ್ಲಿ ಒಂದು ಹಿಡಿಯಷ್ಟು, ಅವೂ ಕಾದಾಗ ಮಾತ್ರ, ಒಂದು ಎಂದು ಬರೆದದ್ದನ್ನು ಸೊನ್ನೆ ಎಂದು ಹೇಳುತ್ತಿದ್ದವು. ಹಗುರ ಕೆಲಸದಲ್ಲಿ ವಿಂಡೋಸ್ ಆ ಮೂಲೆಗೆ ಹೋಗುವುದು ಅಪರೂಪ. ನನ್ನ ಮೇಜಿನ ಮೇಲೆ ಎರಡು ದಿನ ಸಾಧುವಾಗಿದ್ದ ಗುಟ್ಟು ಇದೇ.

ಯಾವ ಪಟ್ಟಿ ಎಂದು ತಿಳಿಯಲು ಇನ್ನೂ ಮೂರು ರಾತ್ರಿ ಬೇಕಾಯಿತು. ಮೊದಲ ಪಟ್ಟಿ ಒಂದನ್ನೇ ಇಟ್ಟು ಒಂದು ರಾತ್ರಿ: ನಾಲ್ಕು ಸುತ್ತು, ದೋಷವಿಲ್ಲ. ಆಮೇಲೆ ಸೇರಿಸಿದ ಪಟ್ಟಿ ಒಂದನ್ನೇ ಇಟ್ಟು ಒಂದು ರಾತ್ರಿ: ಎರಡನೇ ಸುತ್ತಿನಲ್ಲಿ ಕೆಂಪು. ಅದನ್ನೇ ಇನ್ನೊಂದು ಸ್ಲಾಟ್‌ನಲ್ಲಿಟ್ಟು ಮತ್ತೊಂದು ರಾತ್ರಿ: ಮತ್ತೆ ಕೆಂಪು. ಈ ಕೊನೆಯ ರಾತ್ರಿಯನ್ನು ಉಳಿಸಲು ಹೋಗಿ ಮದರ್‌ಬೋರ್ಡಿನ ಸ್ಲಾಟ್ ಕೆಟ್ಟಿದ್ದಕ್ಕೆ ರ‍್ಯಾಮ್ ಬದಲಾಯಿಸಿದವರನ್ನು ನೋಡಿದ್ದೇನೆ, ರ‍್ಯಾಮ್ ಕೆಟ್ಟಿದ್ದಕ್ಕೆ ಮದರ್‌ಬೋರ್ಡ್ ಬದಲಾಯಿಸಿದವರನ್ನೂ ನೋಡಿದ್ದೇನೆ. ಒಂದು ಸಲ ನಾನೇ ಆ ಎರಡನೆಯವನಾಗಿದ್ದೆ.

ಪಟ್ಟಿಗೆ ವಾರಂಟಿ ಇನ್ನೂ ಇತ್ತು. ಅದು ಹೋಗಿ ಬರಲು ವಾರಗಳು ಬೇಕು, ಲಗ್ನಗಳು ಕಾಯುವುದಿಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ಹೊಸ 8 ಜಿಬಿ ಪಟ್ಟಿ ತರಿಸಿ ಹಾಕಿದೆ. ಮತ್ತೊಂದು ರಾತ್ರಿ ಪರೀಕ್ಷೆ, ನಾಲ್ಕು ಸುತ್ತು, ಸೊನ್ನೆ. ಎಸ್‌ಎಂಪಿಎಸ್ ಅನ್ನೂ ನೋಡಿದೆ: 12 ವೋಲ್ಟ್ ಸಾಲು 11.4ರಿಂದ 12.6ರೊಳಗೆ ಇರಬೇಕು, ಯಂತ್ರ ಪೂರ್ತಿ ದುಡಿಯುತ್ತಿರುವಾಗಲೂ 12.05 ಇತ್ತು. ಪಾಪ, ಹೊಸದು. ಹಳೆಯದನ್ನೂ ಅಳೆದೆ, ಅದೂ ಚೆನ್ನಾಗಿಯೇ ಇತ್ತು.

ಇಲ್ಲಿ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಇನ್ನೊಮ್ಮೆ ಹೋಗುತ್ತಿತ್ತು. ಏಕೆಂದರೆ ಕಪ್ಪು ಶಾಯಿಯ ಹನ್ನೆರಡು ಸಾಲುಗಳು ಹಾಗೆಯೇ ಉಳಿದಿದ್ದವು.

ಅಕ್ಕನಿಂದ ನಂಬರ್ ಪಡೆದು ಹಿಂದಿನ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಒಳ್ಳೆಯ ಹುಡುಗ, ಮುಚ್ಚುಮರೆ ಮಾಡಲಿಲ್ಲ. "ಸರ್, ನಾನು ಆ ಎರಡನೇ ರ‍್ಯಾಮ್ ತೆಗೆದು ಒಂದು ದಿನ ನೋಡಿದ್ದೆ. ಆಗಲೂ ಎರಡು ಸಲ ಹೋಯಿತು. ಹಾಗಾಗಿ ರ‍್ಯಾಮ್ ಸರಿ ಇದೆ ಎಂದು ತಿರುಗಿ ಹಾಕಿದೆ" ಎಂದ. ಅವನು ಸರಿಯಾದ ಪಟ್ಟಿಯನ್ನೇ ತೆಗೆದಿದ್ದ! ಆ ದಿನ ಹೋದ ಎರಡೂ ಸಲ ಕಪ್ಪಾಗಿ ಹೋಗಿರಬೇಕು. ನೀಲಿಯ ರೋಗಕ್ಕೆ ಅವನ ಔಷಧಿ ಸರಿಯಾಗಿತ್ತು. ಕಪ್ಪಿನ ರೋಗ ಬಂದು ಅದನ್ನು ಸುಳ್ಳು ಮಾಡಿತು. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ. "ಹೋಯಿತು" ಎಂಬ ಒಂದು ಕ್ರಿಯಾಪದ ನಮ್ಮಿಬ್ಬರನ್ನೂ ಕೆಡಿಸಿತ್ತು.

ಕಪ್ಪಿನ ರೋಗಕ್ಕೆ ಪರೀಕ್ಷೆ ಬೇಕಾಗಲಿಲ್ಲ, ಆರ್ಡರ್ ಪುಸ್ತಕವೇ ಸಾಕಾಯಿತು. ಹಿಂಬದಿಯ ಹಾಳೆಗಳಲ್ಲಿ ಕಪ್ಪು ಸಾಲುಗಳ ಹೊತ್ತು. ಮುಂಬದಿಯ ಹಾಳೆಗಳಲ್ಲಿ ಅವತ್ತಿನ ಗಿರಾಕಿಗಳ ಕೆಲಸ. ಹುಡುಗಿ ಹಿಂದಿನ ಹಾಳೆ ಓದುತ್ತಾ ಹೋದಳು, ನಾನು ಮುಂದಿನ ಹಾಳೆ ನೋಡುತ್ತಾ ಹೋದೆ. "10.40." ಆಧಾರ್ ಲ್ಯಾಮಿನೇಷನ್, ಮೂರು. "11.15." ರೇಷನ್ ಕಾರ್ಡ್ ಲ್ಯಾಮಿನೇಷನ್. "12.05." ಅಂಕಪಟ್ಟಿ ಲ್ಯಾಮಿನೇಷನ್ ಮತ್ತು ಪ್ರಿಂಟ್. ಐದನೆಯದಕ್ಕೆ ಬರುವಷ್ಟರಲ್ಲಿ ಅವಳೇ ನಕ್ಕುಬಿಟ್ಟಳು. ಹನ್ನೆರಡರಲ್ಲಿ ಹತ್ತು ಸಾಲು ಲ್ಯಾಮಿನೇಷನ್ ಯಂತ್ರ ಹಾಕಿದ ಹೊತ್ತಿನವು. ಭಾನುವಾರ ಆ ಯಂತ್ರ ಹಾಕಿರಲಿಲ್ಲ. ಭಾನುವಾರ ಕಪ್ಪು ಸಾಲೂ ಇರಲಿಲ್ಲ.

ಮೇಜಿನ ಕೆಳಗೆ ಟಾರ್ಚ್ ಹಿಡಿದು ಬಗ್ಗಿದೆ. ಗೋಡೆಯಲ್ಲಿ ಒಂದೇ ಒಂದು 6 ಆಂಪಿಯರ್ ಸಾಕೆಟ್. ಅದಕ್ಕೆ ಒಂದು ಎಕ್ಸ್‌ಟೆನ್ಷನ್ ಬೋರ್ಡ್. ಆ ಬೋರ್ಡಿನಲ್ಲಿ ಯುಪಿಎಸ್, ಲೇಸರ್ ಪ್ರಿಂಟರ್, ಲ್ಯಾಮಿನೇಷನ್ ಯಂತ್ರ, ಜೊತೆಗೆ ಒಂದು ಮೊಬೈಲ್ ಚಾರ್ಜರ್. ಲ್ಯಾಮಿನೇಷನ್ ಯಂತ್ರದ ಕೆಲಸವೇ ಬಿಸಿಯಾಗುವುದು. ಲೇಸರ್ ಪ್ರಿಂಟರ್ ನಿದ್ದೆಯಿಂದ ಎದ್ದಾಗ ಟೋನರನ್ನು ಕಾಗದಕ್ಕೆ ಬೇಯಿಸುವ ರೋಲರ್ ಕಾಯಿಸಲು ಕೆಲವು ಕ್ಷಣ ಇಸ್ತ್ರಿಪೆಟ್ಟಿಗೆಯಷ್ಟು ಕರೆಂಟ್ ಎಳೆಯುತ್ತದೆ. ಎರಡೂ ಒಟ್ಟಿಗೆ ಎಳೆದರೆ ಆ ಸಾಕೆಟ್‌ನ ಗತಿ?

ಮಲ್ಟಿಮೀಟರ್ ಹಚ್ಚಿದೆ. ಸುಮ್ಮನಿದ್ದಾಗ 221 ವೋಲ್ಟ್. ಲ್ಯಾಮಿನೇಷನ್ ಯಂತ್ರ ಹಾಕಿಸಿದೆ, ಕೆಳಗಿಳಿಯಿತು. ಒಂದು ಪುಟ ಪ್ರಿಂಟ್ ಕೊಡಿಸಿದೆ. ಅಂಕಿಗಳು ಕುಣಿದವು, ಒಂದು ಕ್ಷಣ 190ರ ಕೆಳಗೆ ಇಣುಕಿ ಮೇಲೆ ಬಂದವು. ಅಷ್ಟರಲ್ಲಿ ಮೇಜಿನ ಕೆಳಗಿನಿಂದ "ಟಕ್" ಎಂಬ ಸದ್ದು, ಮಾನಿಟರ್ ಕಪ್ಪು. ಆದರೆ ತಲೆಯ ಮೇಲಿನ ಟ್ಯೂಬ್‌ಲೈಟ್ ಮಿಣುಕಲೂ ಇಲ್ಲ. ಹಾಗಾದರೆ ತೊಂದರೆ ಬೀದಿಯ ಕಂಬದಲ್ಲಿಲ್ಲ, ಇದೇ ಗೋಡೆಯಲ್ಲಿದೆ. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಅಳೆದೆ. ಒಂದೆರಡು ವೋಲ್ಟಿನಲ್ಲಿ ಇರಬೇಕಾದದ್ದು, ಭಾರ ಬಿದ್ದಾಗ 14ಕ್ಕೆ ಏರುತ್ತಿತ್ತು. ಮೇನ್ ಇಳಿಸಿ ಸಾಕೆಟ್ ಬಿಚ್ಚಿದೆ. ನ್ಯೂಟ್ರಲ್ ತಂತಿಯ ಸ್ಕ್ರೂ ಅರ್ಧ ಸುತ್ತು ಸಡಿಲ. ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಒಗ್ಗರಣೆ ಸೀದ ವಾಸನೆ. ಅಕ್ಕನಿಗೆ ತೋರಿಸಿದೆ. ಅವರು ಕಂಪ್ಯೂಟರಿನ ಮಾತು ಬಿಟ್ಟು ಮೇಲೆ ಕಪಾಟಿನಲ್ಲಿ ಜೋಡಿಸಿಟ್ಟ ಕಾಗದದ ರೀಮುಗಳ ಕಡೆ ನೋಡಿದರು. ನೀಲಿ ಪರದೆಗಿಂತ ದೊಡ್ಡ ಅಪಾಯ ಅಲ್ಲಿತ್ತು ಎಂಬುದು ಇಬ್ಬರಿಗೂ ಅರ್ಥವಾಯಿತು.

ಯುಪಿಎಸ್ ಇರುವುದೇ ಇಂಥ ಹೊತ್ತಿಗಲ್ಲವೇ? ಇತ್ತು, ಹೆಸರಿಗೆ. ಒಳಬರುವ ಕರೆಂಟ್ ತೊದಲಿದ ಕೂಡಲೇ ಅದು ಬ್ಯಾಟರಿಗೆ ಹೊರಳುತ್ತಿತ್ತು. "ಟಕ್" ಎಂಬುದು ಆ ಹೊರಳುವಿಕೆಯ ಸದ್ದು. ಹೊರಳಿದ ಕಡೆ ಬ್ಯಾಟರಿ ಸತ್ತಿತ್ತು. ಭಾರವಿಲ್ಲದೆ ಅಳೆದರೆ 12.5 ವೋಲ್ಟ್ ತೋರಿಸುವ ಮಹಾ ಸಂಭಾವಿತ ಬ್ಯಾಟರಿ. ಒಂದು ಬಲ್ಬ್ ಹಚ್ಚಿದರೆ 8ಕ್ಕೆ ಕುಸಿಯುತ್ತಿತ್ತು. ನಾಲ್ಕು ವರ್ಷದ ಹಿಂದಿನದು. ಅದು ಎಚ್ಚರಿಸುತ್ತಲೂ ಇತ್ತಂತೆ, ಕಿರಿಕಿರಿ ಎಂದು ಬೀಪ್ ನಿಲ್ಲಿಸಿದ್ದರು. ಇನ್ನು, ಆರಿದ ಯಂತ್ರ ತಾನಾಗಿ ಹತ್ತಿಕೊಳ್ಳುತ್ತಿದ್ದುದಕ್ಕೆ ಕಾರಣ ವಿಂಡೋಸ್‌ಗಿಂತ ಮೊದಲು ಎಚ್ಚರಗೊಳ್ಳುವ ಬಯೋಸ್‌ನಲ್ಲಿದ್ದ ಒಂದು ಆಯ್ಕೆ: ಕರೆಂಟ್ ಮರಳಿದ ಕೂಡಲೇ ಚಾಲೂ ಆಗು. ಹಾಗೆ ಹತ್ತಿಕೊಂಡಿದ್ದರಿಂದಲೇ ಎಲ್ಲರಿಗೂ ಅದು ನೀಲಿಯ ತಮ್ಮನಂತೆ ಕಂಡಿತ್ತು.

ಎಲೆಕ್ಟ್ರಿಷಿಯನ್ ಬಂದು ಪ್ರಿಂಟರ್ ಮತ್ತು ಲ್ಯಾಮಿನೇಷನ್‌ಗೆ ಬೇರೆ ತಂತಿ ಎಳೆದು 16 ಆಂಪಿಯರ್ ಸಾಕೆಟ್ ಹಾಕಿದರು, ಹಳೆಯ ಸಾಕೆಟ್ ಬದಲಾಯಿಸಿದರು. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿದೆ. ಬೀಪ್ ನಿಲ್ಲಿಸಬಾರದೆಂದು ಹೇಳಿದೆ.

ಉಳಿದದ್ದು ಕಡತಗಳ ಲೆಕ್ಕ. ಇದನ್ನು ಬಹಳ ಜನ ಮರೆಯುತ್ತಾರೆ. ಕೆಟ್ಟ ರ‍್ಯಾಮ್ ಯಂತ್ರವನ್ನು ಬೀಳಿಸಿ ಸುಮ್ಮನಾಗುವುದಿಲ್ಲ. ಬೀಳದೆ ಇದ್ದ ಹೊತ್ತಿನಲ್ಲೂ ತನ್ನ ಮೂಲಕ ಹಾದುಹೋದದ್ದನ್ನು ಕೆಡಿಸಿರಬಹುದು, ಆ ಕೆಟ್ಟದ್ದೇ ಡಿಸ್ಕಿಗೆ ಉಳಿದಿರಬಹುದು. ವಿಂಡೋಸ್‌ನ ಸ್ವಂತ ಕಡತಗಳನ್ನು ಎಸ್‌ಎಫ್‌ಸಿ ಆಜ್ಞೆಯಿಂದ ತಪಾಸಣೆ ಮಾಡಿದಾಗ ಕೆಲವು ಹಾಳಾಗಿದ್ದವು, ಅದೇ ಸರಿಪಡಿಸಿತು. ಅಕ್ಕನ ಕೆಲಸದಲ್ಲಿ ಏಳು ಲಗ್ನಪತ್ರಿಕೆಗಳು ತೆರೆಯಲೇ ಇಲ್ಲ. ಕೋರೆಲ್ ಡ್ರಾ ಪ್ರತಿ ಕಡತದ ಪಕ್ಕದಲ್ಲಿ "ಬ್ಯಾಕಪ್ ಆಫ್" ಎಂದು ಶುರುವಾಗುವ ಹೆಸರಿನ ಒಂದು ಪ್ರತಿ ಇಟ್ಟಿರುತ್ತದೆ. "ಅಯ್ಯೋ, ಅದನ್ನು ಕಸ ಎಂದು ಪ್ರತಿ ಶನಿವಾರ ಅಳಿಸುತ್ತಿದ್ದೆವು" ಎಂದರು ಅಕ್ಕ. ಆ ವಾರದ್ದು ಮಾತ್ರ ಉಳಿದಿತ್ತು, ಮೂರು ಸಿಕ್ಕವು. ನಾಲ್ಕನ್ನು ಮತ್ತೆ ಕುಳಿತು ಮಾಡಿದರು, ಅದರಲ್ಲೊಂದು ಎಂಬತ್ತು ಹೆಸರಿನ ಸುಖಾಗಮನ ಬಯಸುವವರ ಪಟ್ಟಿ ಇದ್ದದ್ದು.

ಲೆಕ್ಕ ಬರೆದುಕೊಟ್ಟಾಗ ಅಕ್ಕ ಬೇಡದ ಎಸ್‌ಎಂಪಿಎಸ್‌ನ ದುಡ್ಡನ್ನು ನನ್ನ ಬಿಲ್ಲಿನಲ್ಲಿ ಕಳೆಯಲಾಗುವುದೇ ಎಂದು ಕೇಳಿದರು. ಅದು ನಾನು ಹಾಕಿದ್ದಲ್ಲ. ಆದರೂ ಮೊದಲ ಸಲದ ದೂಳು ಹೊಡೆದ ಕೂಲಿಯನ್ನು ಬಿಟ್ಟುಕೊಟ್ಟೆ, ಅದು ನನ್ನ ತಪ್ಪಿಗೆ.

ಮೇ ತಿಂಗಳ ನಡುವೆ ಟೋನರ್ ಕೊಡಲು ಆ ಕಡೆ ಹೋದಾಗ ಹುಡುಗಿ ಕೇಳದೆಯೇ ಪುಸ್ತಕ ತೆರೆದು ತೋರಿಸಿದಳು. ನೀಲಿ ಸಾಲಿಲ್ಲ. ಕಪ್ಪು ಸಾಲಿಲ್ಲ. ಹಸಿರು ಶಾಯಿಯಲ್ಲಿ ಒಂದೇ ಸಾಲು ಇತ್ತು: "11.20ರಿಂದ 11.27, ಬೀದಿಗೆಲ್ಲ ಕರೆಂಟ್ ಇರಲಿಲ್ಲ. ಕಂಪ್ಯೂಟರ್ ಇತ್ತು."